ಕಾರಿನ ಸ್ಟೀರಿಯೊ ನ್ಯಾವಿಗೇಷನ್ ಘಟಕ: ಖರೀದಿಗೆ ಮುನ್ನ

ವ್ಯವಹಾರದ ನಿಮಿತ್ತ ಊರೂರು ಸಂಚರಿಸುವ ವರ್ತಕರಿಗೆ ದಾರಿ ತೋರುವ ನಕ್ಷೆಯುಳ್ಳ ಸ್ಟೀರಿಯೊ ಉಪಯುಕ್ತ ಸಾಧನವೇ ಸರಿ. ಆದರೆ ಸೌಲಭ್ಯಗಳ ಪಟ್ಟಿ ಉದ್ದವಾದಷ್ಟೂ ಪ್ರಯೋಜನ ಹೆಚ್ಚೆಂದು ಭಾವಿಸಲಾಗದು. ವಾಹನವು ಓಡುವ ಮಾರ್ಗ ಹಾಗೂ ತಗಲುವ ಒಟ್ಟು ವೆಚ್ಚ, ಇವೆರಡೇ ಆಯ್ಕೆಯ ಮಾನದಂಡಗಳಾಗಬೇಕು.

ಈ ಘಟಕಗಳಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದರಲ್ಲಿ ನಕ್ಷೆಯು ಘಟಕದಲ್ಲೇ ಅಡಕವಾಗಿರುತ್ತದೆ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಜಾಲದ ಅಗತ್ಯವಿಲ್ಲವಾದ್ದರಿಂದ ಶಿರಾಡಿ, ಚಾರ್ಮಾಡಿಯಂತಹ ಘಟ್ಟಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಇದು ದಾರಿ ತೋರುತ್ತದೆ. ಆದರೆ ನಕ್ಷೆಯನ್ನು ಕಾಲಕಾಲಕ್ಕೆ ನವೀಕರಿಸದಿದ್ದರೆ ಹೊಸ ಬೈಪಾಸ್ ರಸ್ತೆಗಳು ಅದರಲ್ಲಿ ಕಾಣಸಿಗವು. ಎರಡನೆಯದು, 2014ರಲ್ಲಿ ಬಂದ ಆಪಲ್ ಕಾರ್‌ಪ್ಲೇ ಅಥವಾ 2015ರಲ್ಲಿ ಬಂದ ಆಂಡ್ರಾಯ್ಡ್ ಆಟೋ ಮೂಲಕ ಫೋನಿನ ನಕ್ಷೆಯನ್ನೇ ಪರದೆಗೆ ತರುವಂಥದು. ಇದರಲ್ಲಿ ವಾಹನ ದಟ್ಟಣೆಯೂ ತಿಳಿಯುವುದರಿಂದ ನಗರ ಸಂಚಾರಕ್ಕೆ ಇದೇ ಸಾಕು. ಘಟ್ಟ ಪ್ರದೇಶಕ್ಕೆ ಹೊರಡುವವರು ಅಲ್ಲಿನ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳತಕ್ಕದ್ದು.

ಬೆಲೆಗಳನ್ನು ಹೋಲಿಸುವಾಗ ಜೋಡಣೆ, ಹಿಂಬದಿ ಕ್ಯಾಮೆರಾ, ನಕ್ಷೆ ನವೀಕರಣದ ಶುಲ್ಕ ಇವೆಲ್ಲವನ್ನೂ ಸೇರಿಸಿ ಐದು ವರ್ಷಗಳ ಲೆಕ್ಕ ಹಾಕುವುದು ಲೇಸು. ಧ್ವನಿಶಕ್ತಿಯನ್ನು ಪೆಟ್ಟಿಗೆಯ ಮೇಲಿನ ಗರಿಷ್ಠ ವ್ಯಾಟ್‌ನಿಂದಲ್ಲ, ಆರ್‌ಎಂಎಸ್ ವ್ಯಾಟ್‌ನಿಂದ ಅಳೆಯಬೇಕು. ಕಾರಿನ ಮೂಲ ವೈರುಗಳನ್ನು ಕತ್ತರಿಸಿದರೆ ವಾರಂಟಿಗೆ ಧಕ್ಕೆಯಾಗಬಹುದು. ಕಪ್ಲರ್ ಜೋಡಣೆಯನ್ನೇ ಕೇಳಿ ಪಡೆಯಿರಿ.

ಚಾಲಕನೂ ಸೇರಿ 13ಕ್ಕೆ ಮೀರದ ಆಸನಗಳ ಪ್ರಯಾಣಿಕ ವಾಹನಕ್ಕೆ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನನ್ವಯ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಆದುದರಿಂದ ಅದಕ್ಕೆ ಅಳವಡಿಸುವ ಘಟಕಕ್ಕೆ ಜಮೆ ಸಿಗುವುದೆಂದು ನೆಚ್ಚದೆ, ತೆರಿಗೆ ಸಹಿತ ಬೆಲೆಯನ್ನೇ ನಿಜವಾದ ವೆಚ್ಚವೆಂದು ಪರಿಗಣಿಸಿ, ಸಂಸ್ಥೆಯ ಹೆಸರಿನಲ್ಲೇ ಬಿಲ್ಲು ಪಡೆಯುವುದು ವಿವೇಕಯುತ.