ಶಂಖಪುಷ್ಪವೂ ನಿಂಬೆಯ ರಸವೂ

ಬೇಲಿಯ ಮೇಲೆ ಹಬ್ಬುವ ನೀಲಿ ಶಂಖಪುಷ್ಪವನ್ನು ಜಿನ್ ಎಂಬ ಮದ್ಯದಲ್ಲಿ ನೆನೆಯಿಸಿ, ನಿಂಬೆಯ ರಸವನ್ನು ಹಿಂಡಿದರೆ ನೀಲಿಯು ಕ್ಷಣಮಾತ್ರದಲ್ಲಿ ನೇರಳೆಗೆ ತಿರುಗುವುದು. ಪಾನಗೃಹಗಳಲ್ಲಿ ಇದೊಂದು ಬೆಡಗು. ಆದರೆ ಗುಟ್ಟು ಮದ್ಯದಲ್ಲಿಲ್ಲ. ನಾವು ಅಡಿಗೆಮನೆಯಲ್ಲಿ ಹತ್ತು ಹೂಗಳನ್ನು ಬಿಸಿನೀರಿನಲ್ಲಿಟ್ಟು, ಸೋಸಿ, ಆರಿಸಿ, ಸಕ್ಕರೆ ಕರಗಿಸಿದೆವು. ನಿಂಬೆಯ ರಸ ಬಿದ್ದೊಡನೆ ಅದೇ ನೇರಳೆ! ಹೂವಿನಲ್ಲಿರುವ ಆಂಥೋಸಯನಿನ್ ವರ್ಣದ್ರವ್ಯದ ಅಣುವು ಆಮ್ಲದಿಂದ ಪ್ರೋಟಾನನ್ನು ಪಡೆದು, ಬೆಳಕಿನ ಬೇರೊಂದು ಭಾಗವನ್ನು ಹೀರತೊಡಗುವುದೇ ಇದಕ್ಕೆ ಕಾರಣ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯಲನು 1664ರಷ್ಟು ಹಿಂದೆಯೇ ವಯೊಲೆಟ್ ಹೂವಿನ ಪಾಕದಲ್ಲಿ ಇಂಥದನ್ನು ವರ್ಣಿಸಿದ್ದನು: ಆಮ್ಲಕ್ಕೆ ಕೆಂಪು, ಕ್ಷಾರಕ್ಕೆ ಹಸಿರು. ನಾವೂ ಇನ್ನೊಂದು ಲೋಟಕ್ಕೆ ಅಡಿಗೆ ಸೋಡ ಬೆರೆಸಲು ಹಸಿರು ಛಾಯೆ ಇಣುಕಿತು. ಆ ಲೋಟವನ್ನು ಮಾತ್ರ ಮನೆಯಲ್ಲಿ ಯಾರೂ ಕುಡಿಯಲೊಪ್ಪಲಿಲ್ಲ.