ಕ್ಯಾಸೆಟ್ಟು ನುಂಗಿದ ಧಾಟಿ

ಬ್ಯಾಡಗಿಯ ನಮ್ಮ ಮನೆಗೆ ‘ಸಂತ ಶಿಶುನಾಳ ಶರೀಫ’ ಚಿತ್ರದ ಹಾಡುಗಳ ಕ್ಯಾಸೆಟ್ಟು ಬಂದದ್ದು ರಾಣೇಬೆನ್ನೂರಿನಿಂದ. ಅಲ್ಲಿ ಪಿಯುಸಿ ಓದುತ್ತಿದ್ದ ನಾನು ಚಹದ ಕಾಸು ಉಳಿಸಿ ಅದನ್ನು ಕೊಂಡಿದ್ದೆ. ಟಿ.ಎಸ್. ನಾಗಾಭರಣ ನಿರ್ದೇಶನದ ಆ ಚಿತ್ರ 1990ರದು, ಸಂಗೀತ ಸಿ. ಅಶ್ವತ್ಥ್ ಅವರದು. ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ ಅಮಾವಾಸ್ಯೆಯ ಭಜನೆಯಲ್ಲಿ ಶರೀಫಜ್ಜನ ಪದ ಹಾಡುವವರು. ಕ್ಯಾಸೆಟ್ಟು ಅವರಿಗೆ ಮೆಚ್ಚುಗೆಯಾದೀತೆಂದು ಎಣಿಸಿದ್ದೆ. ಎರಡು ಹಾಡು ಕೇಳಿದ ಅವರು ಅಂದದ್ದು ಇಷ್ಟೇ: ‘ಪದ ಅಜ್ಜಂದ ಖರೆ, ಧಾಟಿ ಅಲ್ಲಪಾ.’

ನನಗೆ ಮಾತ್ರ ಆ ಹಾಡುಗಳು ಹುಚ್ಚು ಹಿಡಿಸಿದವು. ಅಶ್ವತ್ಥರದು ನಯಗಾರಿಕೆಯ ಕಂಠವಲ್ಲ. ಮಾತಾಡಿದಂತೆ ತೊಡಗಿ, ನೋಡುನೋಡುತ್ತಲೇ ತಾರಸ್ಥಾಯಿಗೇರಿ, ಎದೆ ಬಿರಿಯುವಂತೆ ಕೂಗಿ ಕರೆಯುವ ಕಂಠ. ಮಳೆಗಾಲದಲ್ಲಿ ನಮ್ಮ ಹೆಂಚಿನ ಮನೆ ಸೋರುವಾಗ ಅವ್ವ ಅಲ್ಲಲ್ಲಿ ಪಾತ್ರೆ ಇಡುತ್ತಿದ್ದಳು. ಸೋರುವ ಮಾಳಿಗೆಯ ಹಾಡು ಕೇಳಿದ ಮೇಲೆಯೇ, ಮನೆಯೆಂದರೆ ದೇಹವೂ ಹೌದು, ಸೋರುವುದು ಆಯುಷ್ಯವೂ ಹೌದು ಎಂಬುದು ಹೊಳೆದದ್ದು. ಅಪ್ಪನ ಬಾಯಲ್ಲಿ ಅದೇ ಪದವನ್ನು ಎಷ್ಟೋ ಸಲ ಕೇಳಿದ್ದರೂ ನಾನು ಕಿವಿಗೊಟ್ಟಿರಲಿಲ್ಲ.

ಶರೀಫರು (1819–1889) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು. ಕಳಸದ ಗೋವಿಂದ ಭಟ್ಟರ ಶಿಷ್ಯರು. ಅವರ ತತ್ವಪದಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆ ಊರಿನಿಂದೂರಿಗೆ ನಡೆದು ಬಂದವು. ಊರು ಬದಲಾದಂತೆ ಧಾಟಿಯೂ ಬದಲಾಗುತ್ತಿತ್ತು. ಅವುಗಳನ್ನು ನಾಡಿನುದ್ದಕ್ಕೂ ಒಯ್ದವರಲ್ಲಿ ಇಬ್ಬರನ್ನು ನೆನೆಯಲೇಬೇಕು. ಒಬ್ಬರು ಈ ಪದಗಳಿಗಾಗಿ ದುಡಿದು ‘ಶರೀಫ ಭಟ್ಟ’ರೆಂದೇ ಹೆಸರಾದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು. ಇನ್ನೊಬ್ಬರು ಅಶ್ವತ್ಥ್. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಅವರಿಗೆ ನಮ್ಮ ಸೀಮೆಯ ಮಾತು ತಾಯಿಮಾತಲ್ಲ. ಆದರೂ ಆ ಮಾತಿನೊಳಗಿನ ಅಳಲನ್ನೂ ನಗೆಯನ್ನೂ ಅವರು ಹಿಡಿದರು. ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ ಬಂತು. ಶರೀಫರ ಹೆಸರನ್ನೇ ಕೇಳದಿದ್ದ ಮನೆಗಳಲ್ಲಿ ಮಕ್ಕಳು ಕೋಳಿ ಕೋಡಗನನ್ನು ನುಂಗಿದ ಕಥೆಯನ್ನು ಹಾಡತೊಡಗಿದರು.

ಆದರೆ ನುಂಗಿದ್ದು ಕೋಳಿಯೊಂದೇ ಅಲ್ಲ. ನಮ್ಮ ಓಣಿಯ ಭಜನೆಯಲ್ಲೂ ಹುಡುಗರು ಕ್ಯಾಸೆಟ್ಟಿನ ಧಾಟಿಯನ್ನೇ ಹಿಡಿದರು. ಹಳೆಯದನ್ನು ಹಾಡಿದರೆ ‘ತಪ್ಪಿತು’ ಎಂದು ತಿದ್ದುವವರೂ ಹುಟ್ಟಿಕೊಂಡರು. ಅಪ್ಪ ವಾದಿಸಲಿಲ್ಲ, ಮೆಲ್ಲಗೆ ಹಿಂದಿನ ಸಾಲಿಗೆ ಸರಿದರು. ಅವರು ತೀರಿಕೊಂಡ ವರ್ಷ, ತವರು ಬಿಡುವ ತಂಗಿಯನ್ನು ಸಂತೈಸುವ ಪದವನ್ನು ಅವರಂತೆಯೇ ಹಾಡಲು ಕುಳಿತೆ. ಎರಡನೆಯ ಸಾಲಿಗೇ ನನ್ನ ದನಿ ಅಶ್ವತ್ಥರ ದಾರಿ ಹಿಡಿಯಿತು. ಎಷ್ಟು ಯತ್ನಿಸಿದರೂ ಅಪ್ಪನ ಧಾಟಿ ಮರಳಲಿಲ್ಲ.

ಇದು ಅಶ್ವತ್ಥರ ತಪ್ಪಲ್ಲ. ಅವರು ತಮ್ಮ ಧಾಟಿಯನ್ನು ಕೊಟ್ಟರೇ ಹೊರತು ಇನ್ನೊಂದನ್ನು ಬಿಡಿರೆಂದವರಲ್ಲ. ಮರೆತವರು ನಾವು. 2009ರ ಡಿಸೆಂಬರ್ 29ರಂದು ಅವರು ಅಗಲಿದ ರಾತ್ರಿ ಹಾವೇರಿಯ ಮನೆಯಲ್ಲಿ ಅದೇ ಕ್ಯಾಸೆಟ್ಟನ್ನು ಹಾಕಿ ಕುಳಿತಿದ್ದೆ. ಇಂದಿಗೂ ಅದು ನನ್ನ ಅತ್ಯಂತ ಪ್ರೀತಿಯ ಹಾಡುಗಳ ಕಟ್ಟು. ಹಾವೇರಿ ಸೀಮೆಯ ಹಳ್ಳಿಗಳಲ್ಲಿ ಹಳೆಯ ಧಾಟಿ ಬಲ್ಲ ಹಿರಿಯರು ಇನ್ನೂ ಇದ್ದಾರೆ. ದನಿ ಹಿಡಿದಿಡುವ ಯಂತ್ರ ಈಗ ಎಲ್ಲರ ಜೇಬಿನಲ್ಲಿದೆ. ಒಂದು ಅಮಾವಾಸ್ಯೆಯ ರಾತ್ರಿ ಅವರೆದುರು ಹೋಗಿ ಕುಳಿತರೆ ಸಾಕು. ನಾನು ಅಪ್ಪನೆದುರು ಕುಳಿತಿರಲಿಲ್ಲ.