ಕೆರೆಯ ನೀರು ಜುಮ್ ಎಂದರೆ

ಶಿರಸಿ ತಾಲ್ಲೂಕಿನ ಹುಲೇಕಲ್ ಅಡಿಕೆ ತೋಟಗಳ ಊರು. ಇಲ್ಲಿ ಮಳೆಗಾಲದಲ್ಲಿ ನೀರಿಗೆ ಬರವಿಲ್ಲ. ಬೇಸಿಗೆ ಬಂತೆಂದರೆ ತೋಟಕ್ಕೆ ನೀರು ಬೇಕು. ಕೆರೆಗೆ ಪಂಪು ಹಚ್ಚಲೇಬೇಕು. ಅದೇ ಕೆರೆಯಲ್ಲಿ ನಾವು ಕೈಕಾಲು ತೊಳೆಯುತ್ತೇವೆ. ದನಗಳು ನೀರು ಕುಡಿಯುತ್ತವೆ. ಮಕ್ಕಳು ಈಜುತ್ತಾರೆ.

ಒಂದು ದಿನ ಹೀಗಾಯಿತು ಎಂದುಕೊಳ್ಳಿ. ತೋಟದ ಕೆಲಸ ಮುಗಿಯಿತು. ಹೆಣ್ಣುಮಗಳೊಬ್ಬಳು ಕತ್ತಿ ತೊಳೆಯಲು ಕೆರೆಗೆ ಕೈ ಹಾಕಿದಳು. ಕೈ ಜುಮ್ ಎಂದಿತು.

"ನೀರಲ್ಲಿ ಎಂತದೋ ಕಚ್ಚಿದ ಹಾಗಾಯ್ತು" ಎಂದಳು.

"ಪಂಪು ಹಾಕಿದಾಗ ಸ್ವಲ್ಪ ಹಾಗೇ. ಎಂತ ಆಗೋದಿಲ್ಲ" ಎಂದ ಗಂಡ.

ಯಾರ ಮಾತು ಸರಿ? ಹೆಂಡತಿಯದೇ ಸರಿ. ಏನೋ ತಪ್ಪಿದೆ. ನೀರಿಗೆ ಕರೆಂಟು ಸೋರುತ್ತಿದೆ. ಇವತ್ತು ಜುಮ್ ಎಂದದ್ದು ನಾಳೆ ಜೀವ ತೆಗೆಯಬಹುದು.

ಕರೆಂಟು ಸೋರುವುದು ಹೇಗೆ?

ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದು ಬಿಸಿಲಿಗೆ ಸೀಳುತ್ತದೆ. ಇಲಿ ಕಡಿಯುತ್ತದೆ. ಕತ್ತಿ, ಗುದ್ದಲಿ ತಾಗುತ್ತದೆ. ತಂತಿಯ ಗಂಟು ನೀರಲ್ಲಿದ್ದರೆ ಸುತ್ತಿದ ಟೇಪು ಬಿಟ್ಟುಕೊಳ್ಳುತ್ತದೆ. ಮೋಟಾರಿನ ಒಳಗೂ ತೇವ ಸೇರುತ್ತದೆ. ಆಗ ಕರೆಂಟು ಮೋಟಾರಿನ ಮೈಗೆ, ಕಬ್ಬಿಣದ ಪೈಪಿಗೆ, ನೀರಿಗೆ ಇಳಿಯುತ್ತದೆ.

"ಫ್ಯೂಸ್ ಇದೆಯಲ್ಲ?" ಎಂದು ನೀವು ಕೇಳಬಹುದು. ಫ್ಯೂಸ್ ತಂತಿಯನ್ನು ಕಾಯುತ್ತದೆ. ಮನುಷ್ಯನನ್ನು ಕಾಯುವುದಿಲ್ಲ. 60 ವ್ಯಾಟಿನ ಹಳೇ ಬಲ್ಬಿಗೆ ಬೇಕಾಗುವ ಕರೆಂಟಿನಲ್ಲಿ ಹತ್ತರ ಒಂದು ಪಾಲು ಮೈಯಲ್ಲಿ ಹರಿದರೂ ಸಾಕು. ಕೈಕಾಲು ಸೆಟೆದುಕೊಳ್ಳಬಹುದು. ಈಜು ಬಲ್ಲವರೂ ಮುಳುಗುತ್ತಾರೆ. ಅಷ್ಟು ಕರೆಂಟಿಗೆ ಫ್ಯೂಸ್ ಹೋಗುವುದೇ ಇಲ್ಲ.

ಹಾಗಾದರೆ ಏನು ಮಾಡಬೇಕು?

ಮೋಟಾರಿಗೂ ಸ್ಟಾರ್ಟರ್ ಪೆಟ್ಟಿಗೆಗೂ ಅರ್ಥಿಂಗ್ ಮಾಡಿಸಿ. ಸುಮಾರು 8 ಅಡಿ ಉದ್ದದ ಪೈಪು ಹುಗಿದು, ಸುತ್ತ ಇದ್ದಿಲು, ಉಪ್ಪು ತುಂಬುತ್ತಾರೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಗುಂಡಿಗೆ ಆಗಾಗ ನೀರು ಹಾಕಿ.

ಅರ್ಥಿಂಗ್ ಒಂದೇ ಸಾಲದು. ಆರ್‌ಸಿಸಿಬಿ ಎಂಬ ಸ್ವಿಚ್ಚನ್ನೂ ಹಾಕಿಸಿ. "30 ಮಿಲಿ ಆಂಪಿಯರಿನದು ಕೊಡಿ" ಎಂದು ಕೇಳಿ. ಕರೆಂಟು ಸೋರಿದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ ಅದು ಆಫ್ ಆಗುತ್ತದೆ. ಅದರ ಮೇಲೆ ಪರೀಕ್ಷೆಯ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಆಫ್ ಆಗದಿದ್ದರೆ ರಿಪೇರಿ ಬೇಕು. ಈ ಕೆಲಸಗಳನ್ನು ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಇನ್ನೊಂದು ಮಾತು. "ಹೇಗೂ ಕರೆಂಟ್ ಹೋಗಿದೆ" ಎಂದು ಕೆರೆಗೆ ಇಳಿಯಬೇಡಿ. ಹೋದ ಕರೆಂಟು ಯಾವಾಗ ಬೇಕಾದರೂ ಬರುತ್ತದೆ. ಆಟೋ ಸ್ಟಾರ್ಟರ್ ಇದ್ದರೆ ಪಂಪು ತಾನೇ ಶುರುವಾಗುತ್ತದೆ. ಮೇನ್ ಸ್ವಿಚ್ ತೆಗೆದು, ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡೇ ಇಳಿಯಿರಿ.

ನೀರಲ್ಲಿ ಯಾರಿಗಾದರೂ ಕರೆಂಟು ಹೊಡೆದರೆ?

ಹಿಂದೇ ಹಾರಬೇಡಿ! ಮಗನನ್ನು ಉಳಿಸಲು ತಾಯಿ, ತಾಯಿಯನ್ನು ಉಳಿಸಲು ತಂದೆ. ಹೀಗೆ ಹಾರಿದರೆ ಒಂದೇ ಮನೆಯ ಮೂರು ಜೀವ ಹೋಗಬಹುದು. ಹಾರುವ ಮನಸ್ಸಾಗುವುದು ಸಹಜ. ಆದರೆ ಮೊದಲು ಮೇನ್ ಸ್ವಿಚ್ಚಿನ ಕಡೆ ಓಡಿ. ಆಮೇಲೆ ಮೇಲಕ್ಕೆ ಎಳೆಯಿರಿ. 108ಕ್ಕೆ ಫೋನ್ ಮಾಡಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ಜೋರಾಗಿ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.

ನೆನಪಿಡಿ:

ಮೇನ್ ಸ್ವಿಚ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಮಕ್ಕಳಿಗೂ ತೋರಿಸಿ.

ಪಂಪು ಓಡುವಾಗ ಯಾರೂ ಕೆರೆಗೆ ಇಳಿಯಬಾರದು.

ಲೈನಿನ ತಂತಿ ಹರಿದು ಬಿದ್ದರೆ ಹತ್ತಿರ ಹೋಗಬೇಡಿ. 1912ಕ್ಕೆ ಫೋನ್ ಮಾಡಿ ಹೆಸ್ಕಾಂಗೆ ತಿಳಿಸಿ.

ನೀರು ಜುಮ್ ಎಂದರೆ ಅವತ್ತೇ ಪಂಪು ನಿಲ್ಲಿಸಿ. ರಿಪೇರಿ ಆಗುವವರೆಗೆ ಹಾಕಬೇಡಿ. ತೋಟ ನಾಲ್ಕು ದಿನ ಕಾಯುತ್ತದೆ. ಹೋದ ಜೀವ ಬರುವುದಿಲ್ಲ.